ಬಾವಿಗೆ ಇಳಿದವರ ಮಾತು

ಒಂದು ವಿಷಯವನ್ನು ನಿಜವಾಗಿ ಬಲ್ಲವರು ಯಾರು, ಬಲ್ಲವರಂತೆ ಮಾತನಾಡುವವರು ಯಾರು ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಸುಮಾರು 2,400 ವರ್ಷಗಳ ಹಿಂದೆ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ಗೋರ್ಗಿಯಾಸ್’ ಎಂಬ ಸಂವಾದದಲ್ಲಿ ಇದನ್ನೇ ಎತ್ತಿಕೊಂಡಿದ್ದಾನೆ. ಗೋರ್ಗಿಯಾಸ್ ಮಾತುಗಾರಿಕೆಯನ್ನು ಕಲಿಸುವ ಹೆಸರಾಂತ ಗುರು. ಅವನ ಸಹೋದರನು ವೈದ್ಯ. ಕಹಿಮದ್ದು ಕುಡಿಯಲು, ಶಸ್ತ್ರಚಿಕಿತ್ಸೆಗೆ ಒಡ್ಡಿಕೊಳ್ಳಲು ಒಪ್ಪದ ರೋಗಿಗಳನ್ನು ವೈದ್ಯನಿಗೆ ಒಪ್ಪಿಸಲಾಗದಿದ್ದಾಗ ತಾನು ಬರಿಯ ಮಾತಿನಿಂದಲೇ ಒಪ್ಪಿಸಿದ್ದುಂಟು ಎಂದು ಗೋರ್ಗಿಯಾಸ್ ಹೆಮ್ಮೆ ಪಡುತ್ತಾನೆ. ಅಷ್ಟಕ್ಕೇ ನಿಲ್ಲದೆ, ಯಾವುದೇ ನಗರದ ಸಭೆಯಲ್ಲಿ ವೈದ್ಯನೂ ಮಾತುಗಾರನೂ ಎದುರುಬದುರಾಗಿ ನಿಂತು, ವೈದ್ಯನ ಪದವಿಗೆ ತನ್ನನ್ನೇ ಆರಿಸಬೇಕೆಂದು ಇಬ್ಬರೂ ಕೇಳಿಕೊಂಡರೆ, ಜನರು ಮಾತುಗಾರನನ್ನೇ ಆರಿಸುವರೆಂದು ಸಾರುತ್ತಾನೆ. ಸಾಕ್ರಟೀಸ್ ಇದನ್ನು ಅಲ್ಲಗಳೆಯುವುದಿಲ್ಲ. ಹಾಗಾದರೆ ತಿಳಿಯದವರ ಮುಂದೆ ತಿಳಿದವನಿಗಿಂತ ತಿಳಿಯದವನ ಮಾತೇ ಹೆಚ್ಚು ನಾಟುತ್ತದೆ ಎಂದಾಯಿತಲ್ಲ ಎಂದಷ್ಟೇ ಕೇಳುತ್ತಾನೆ.

ಇಲ್ಲಿ ಗೋರ್ಗಿಯಾಸನ ಪರವಾಗಿಯೂ ಒಂದು ಮಾತನ್ನು ಹೇಳಲೇಬೇಕು. ಅವನು ರೋಗಿಯ ಮನೆಗೆ ಹೋದದ್ದು ವೈದ್ಯನ ಜೊತೆಯಲ್ಲಿ. ಮದ್ದನ್ನು ಗೊತ್ತುಪಡಿಸಿದವನು ವೈದ್ಯ. ಮಾತು ಅದಕ್ಕೆ ಸೇವಕನಾಗಿತ್ತು. ಇಂದು ನಮ್ಮ ಅಂಗೈಯಲ್ಲಿರುವ ಮೊಬೈಲಿನೊಳಗೆ ಮಾತುಗಾರನು ಒಬ್ಬನೇ ಬರುತ್ತಾನೆ. ವೈದ್ಯನನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತಾನೆ. ಮಧುಮೇಹದಿಂದ ಹಿಡಿದು ಮಕ್ಕಳ ಪಾಲನೆಯವರೆಗೆ, ಷೇರುಪೇಟೆಯಿಂದ ಹಿಡಿದು ಭೂಮಿಯ ಅಂತರ್ಜಲದವರೆಗೆ, ತೊಂಬತ್ತು ಸೆಕೆಂಡುಗಳಲ್ಲಿ ಎಲ್ಲವನ್ನೂ ಇತ್ಯರ್ಥಪಡಿಸುವ ಇಂಥ ತಜ್ಞರಿಗೆ ಕೊರತೆಯಿಲ್ಲ. ಎಲ್ಲ ವಿಷಯಗಳನ್ನೂ ಇಲ್ಲಿ ಹರಡಿಕೊಳ್ಳದೆ, ನಮ್ಮ ಊರು ಕಣ್ಣಾರೆ ಕಂಡ ಒಂದೇ ವಿಷಯವನ್ನು, ಅಂದರೆ ನೀರನ್ನು, ಹಿಡಿದು ನೋಡೋಣ.

2018ರ ಜೂನ್ ತಿಂಗಳಲ್ಲಿ ನೀತಿ ಆಯೋಗವು ನೀರಿನ ನಿರ್ವಹಣೆಯ ಕುರಿತು ಒಂದು ವರದಿಯನ್ನು ಹೊರತಂದಿತು. 2020ರ ಹೊತ್ತಿಗೆ ಬೆಂಗಳೂರೂ ಸೇರಿದಂತೆ 21 ನಗರಗಳಲ್ಲಿ ಅಂತರ್ಜಲವು ಬರಿದಾಗಲಿದೆ ಎಂಬ ಒಂದು ವಾಕ್ಯ ಅದರಲ್ಲಿತ್ತು. ಆ ವಾಕ್ಯವು ವರದಿಯಿಂದ ಕಳಚಿಕೊಂಡು ತಾನೇ ತಾನಾಗಿ ಊರೂರು ತಿರುಗಿತು. ವರದಿಯ ಉಳಿದ ಪುಟಗಳನ್ನು ಓದಿದವರು ವಿರಳ. ಆ ಒಂದು ವಾಕ್ಯವನ್ನು ಕೇಳದವರು ಇನ್ನೂ ವಿರಳ. ಅದರ ಆಧಾರವೇನೆಂದು ಕೆಲವು ಪತ್ರಕರ್ತರು ಮೂಲವನ್ನು ಹುಡುಕುತ್ತಾ ಹೋದಾಗ ಸ್ಪಷ್ಟವಾದ ಲೆಕ್ಕ ಎಲ್ಲಿಯೂ ದೊರೆಯಲಿಲ್ಲ. 2020 ಬಂದಿತು, ಹೋಯಿತು. 2022ರಲ್ಲಿ ಬೆಂಗಳೂರಿನ ಮೇಲೆ ದಾಖಲೆಯ ಮಳೆ ಸುರಿಯಿತು; ಸೆಪ್ಟೆಂಬರ್ ತಿಂಗಳಲ್ಲಿ ನಗರದ ಪೂರ್ವಭಾಗದ ಹೊರವರ್ತುಲ ರಸ್ತೆಯ ಆಸುಪಾಸಿನ ಜನರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಬತ್ತಿಹೋಗುವ ನಗರವೆಂದು ಸಾರಿದ ಬಾಯಿಗಳೇ ಆಗ ಮುಳುಗಿಹೋಗುವ ನಗರವೆಂದು ಸಾರಿದವು.

ಅಪಾಯ ಸುಳ್ಳಾಗಿತ್ತೆಂದು ನಾನು ಹೇಳುತ್ತಿಲ್ಲ. 2024ರ ಬೇಸಿಗೆಯು ಅದನ್ನು ತೋರಿಸಿಕೊಟ್ಟಿತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ನಗರಕ್ಕೆ ದಿನಕ್ಕೆ 260 ಕೋಟಿ ಲೀಟರ್ ನೀರು ಬೇಕು, ಸುಮಾರು 50 ಕೋಟಿ ಲೀಟರಿನ ಕೊರತೆಯಿದೆ, ಸುಮಾರು 14,000 ಕೊಳವೆಬಾವಿಗಳ ಪೈಕಿ 6,900ರಷ್ಟು ಬತ್ತಿವೆ ಎಂದು ಮುಖ್ಯಮಂತ್ರಿಗಳೇ ಆ ಮಾರ್ಚ್ ತಿಂಗಳಲ್ಲಿ ತಿಳಿಸಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಎಂದು ಜಿಲ್ಲಾಡಳಿತವು ದರವನ್ನು ಕಟ್ಟುಮಾಡಬೇಕಾಯಿತು. ಹೆಚ್ಚು ನರಳಿದವು ನಗರದ ಹೊರವಲಯದ, ಕಾವೇರಿಯ ನಳ ತಲುಪದ ಬಡಾವಣೆಗಳು. ಅವುಗಳಿಗಾಗಿಯೇ ಕೈಗೊಂಡ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು ಅದೇ ವರ್ಷದ ಅಕ್ಟೋಬರ್ 16ರಂದು, ಮಳೆ ಬಂದು ಬವಣೆ ತಗ್ಗಿದ ಮೇಲೆ.

ಆ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವರ ಸದ್ದು ನಮಗೆ ಅಷ್ಟಾಗಿ ಕೇಳಿಸಲಿಲ್ಲ. ಅವರಿಗೆ ಪುರುಸೊತ್ತಿರಲಿಲ್ಲ. ಸದ್ದು ಮಾಡಿದವರು ಬೇರೆ. ಬೆಂಗಳೂರನ್ನು ಬಿಟ್ಟು ಓಡಿರಿ ಎಂದವರು, ಕೊಳವೆಬಾವಿಯನ್ನು ಇನ್ನೂ ಆಳಕ್ಕೆ ಕೊರೆಯಿಸಿರಿ ಎಂದವರು, ಮಾಳಿಗೆಯ ನೀರನ್ನು ನೇರವಾಗಿ ಕೊಳವೆಬಾವಿಗೆ ಬಿಟ್ಟುಬಿಡಿರಿ, ವರ್ಷವಿಡೀ ನೀರು ಎಂದವರು. ಈ ಕೊನೆಯ ಸಲಹೆಯಂತೂ ಮೈ ನಡುಗಿಸುವಂಥದ್ದು. ಮಾಳಿಗೆಯ ಮೇಲಿನ ಹಕ್ಕಿಯ ಹಿಕ್ಕೆ, ಧೂಳು, ಕಸವೆಲ್ಲವೂ ಸೋಸದೆ ಭೂಮಿಯ ಆಳದ ನೀರಿಗೆ ಸೇರಿದರೆ, ಕೆಡುವುದು ಒಬ್ಬರ ಬಾವಿಯಲ್ಲ. ಅದೇ ಬಂಡೆಯ ಸೀಳಿನಿಂದ ನೀರೆತ್ತುವ ನೆರೆಹೊರೆಯವರ ಬಾವಿಗಳೂ ಕೆಡುತ್ತವೆ. ಸಲಹೆ ಕೊಟ್ಟವನು ಆ ನೀರನ್ನು ಕುಡಿಯುವುದಿಲ್ಲ.

ನಮ್ಮ ಜೋಗುಪಾಳ್ಯವು ಹಲಸೂರು ಕೆರೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬರುವ ಮುಂಚೆ, ಅಂದರೆ 1890ರ ದಶಕಕ್ಕೆ ಹಿಂದೆ, ದಂಡುಪ್ರದೇಶದ ಜನ ನೆಚ್ಚಿಕೊಂಡಿದ್ದದ್ದು ಇಂಥ ಕೆರೆಗಳನ್ನು ಮತ್ತು ಬಾವಿಗಳನ್ನು. ಕಾವೇರಿ ಬಂದ ಮೇಲೆ ಬಾವಿಗಳ ಮೇಲೆ ಚಪ್ಪಡಿ ಬಿದ್ದಿತು. ಕೆಲವು ಕಸದ ಗುಂಡಿಗಳಾದವು, ಕೆಲವುಗಳ ಮೇಲೆ ಕೋಣೆಗಳೆದ್ದವು. ಕೆರೆಯ ಗತಿ ಏನಾಯಿತೆಂಬುದನ್ನು 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಮೂಗು ಮುಚ್ಚಿಕೊಂಡು ಕಂಡೆವು.

2024ರ ಏಪ್ರಿಲ್‌ನಲ್ಲಿ ಇಲ್ಲಿನ ಒಂದು ಕುಟುಂಬದವರು ತಮ್ಮ ಮನೆಯ ಹಿತ್ತಿಲಿನಲ್ಲಿ ಇಂಗುಬಾವಿಯೊಂದನ್ನು ತೋಡಿಸಲು ಮನಸ್ಸು ಮಾಡಿದರು. ಮನೆಯ ಯಜಮಾನರು ಕೆಲಸದಿಂದ ನಿವೃತ್ತರು. ಮಗನು ಕಳುಹಿಸಿದ ಹತ್ತಾರು ವೀಡಿಯೋಗಳನ್ನು ನೋಡಿ ನಕ್ಷೆಯನ್ನೇ ಬರೆದಿಟ್ಟುಕೊಂಡಿದ್ದರು. ಬಾವಿ ತೋಡಲು ಬಂದವರು ಇಬ್ಬರು, ಅಜ್ಜ ಮತ್ತು ಅವರ ಅಳಿಯ. ಭೋವಿ ಸಮುದಾಯದಲ್ಲಿ ಮಣ್ಣಿನ ಕೆಲಸವನ್ನೇ ತಲೆತಲಾಂತರದಿಂದ ಮಾಡಿಕೊಂಡು ಬಂದ ಮಂದಿ ಅವರು. ಸರ್ಜಾಪುರ ರಸ್ತೆಯ ಕಡೆ ಅಂಥ ಕುಟುಂಬಗಳು ಇಂದಿಗೂ ಇವೆ. ಹಾರೆ, ಗುದ್ದಲಿ, ಬುಟ್ಟಿ, ಹಗ್ಗ ಇಷ್ಟೇ ಅವರ ಸಾಮಗ್ರಿ. ಮನೆಯನ್ನು ಸಂದರ್ಶಿಸಲು ಹೋಗಿದ್ದ ನಾನು ಆ ಮಾತುಕತೆಯನ್ನು ಕೇಳುತ್ತಾ ನಿಂತೆ.

“ತಾತಾ, ಗುಂಡಿ ತೋಡಿದ ಮೇಲೆ ಪೂರ್ತಿ ದಪ್ಪ ಜಲ್ಲಿ ತುಂಬಿಸಬೇಕಂತೆ. ವೀಡಿಯೋದಲ್ಲಿ ತೋರಿಸಿದ್ದಾರೆ,” ಎಂದರು ಯಜಮಾನರು.

ಅಜ್ಜ ಎದುರು ವಾದಿಸಲಿಲ್ಲ. “ತುಂಬಿಸೋಣ ಸ್ವಾಮಿ, ನಿಮ್ಮ ಮನೆ. ಜಲ್ಲಿ ಇದ್ದ ಕಡೆ ನೀರು ಎಲ್ಲಿ ನಿಲ್ಲುತ್ತೆ? ನಾಕು ಮಳೆಗೆ ಕೆಸರು ಕೂತ್ಕೊಂಡು ಬಿಡುತ್ತೆ. ಆಮೇಲೆ ಅದನ್ನ ಎತ್ತಾಕೋಕೆ ಯಾರು ಇಳೀತಾರೆ? ನಾನೇ ತಾನೇ.”

ಈ ಮಾತಿನಲ್ಲಿ ಎಷ್ಟು ಲೆಕ್ಕ ಅಡಗಿದೆ ಎಂಬುದನ್ನು ನಾನು ಬಳಿಕ ಕಾಗದದ ಮೇಲೆ ಹಾಕಿ ನೋಡಿದೆ. ಸಾವಿರ ಚದರಡಿಯ ಮಾಳಿಗೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು ಇಳಿಯುತ್ತದೆ. ಮೂರಡಿ ಅಗಲ, ಇಪ್ಪತ್ತಡಿ ಆಳದ ಖಾಲಿ ಬಾವಿ ಹಿಡಿಯುವುದು ಸುಮಾರು 4,000 ಲೀಟರ್. ಅದಕ್ಕೆ ಜಲ್ಲಿ ತುಂಬಿಸಿದರೆ ಕಲ್ಲುಗಳ ಸಂದಿಯಲ್ಲಿ ಉಳಿಯುವ ಜಾಗ ಮೂರನೆಯ ಒಂದು ಪಾಲು, ಹೆಚ್ಚೆಂದರೆ ಇನ್ನೂ ಸ್ವಲ್ಪ. ಅಂದರೆ ಒಂದೂವರೆ ಸಾವಿರ ಲೀಟರ್. ಉಳಿದ ನೀರು ಚರಂಡಿಗೆ. ಅಜ್ಜನಿಗೆ ಈ ಅಂಕಿಗಳು ಗೊತ್ತಿರಲಿಲ್ಲ. ಆದರೆ ಜಲ್ಲಿ ತುಂಬಿದ ಗುಂಡಿ ಮೂರನೆಯ ವರ್ಷ ಹೇಗಿರುತ್ತದೆ ಎಂಬುದನ್ನು ಅವರ ಕೈಗಳು ಬಲ್ಲವು. ಆದ್ದರಿಂದಲೇ ಅವರು ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಒಳಗನ್ನು ಖಾಲಿ ಬಿಟ್ಟು, ಸೋಸುವ ತೊಟ್ಟಿಯನ್ನು ಹೊರಗೆ ಬೇರೆಯಾಗಿ ಕಟ್ಟಿಸಿದರು. ಎಷ್ಟು ಆಳಕ್ಕೆ ನಿಲ್ಲಿಸಬೇಕೆಂಬುದನ್ನೂ ನಕ್ಷೆ ತೀರ್ಮಾನಿಸಲಿಲ್ಲ. ಮೇಲಿನ ಕೆಮ್ಮಣ್ಣು ಮುಗಿದು ಅಂಟು ಜೇಡಿ ಬಂದಾಗ “ಇದು ನೀರು ಕುಡಿಯಲ್ಲ” ಎಂದು ಮುಂದುವರಿದರು. ಗರಸು ಸಿಕ್ಕಿ, ಹಿಡಿಯಲ್ಲಿ ಉದುರುವ ಮಣ್ಣು ಬಂದ ಮೇಲೆಯೇ ಹಾರೆಯನ್ನು ಕೆಳಗಿಟ್ಟರು.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಅರಿಸ್ಟಾಟಲ್ ನೆನಪಾಗದೆ ಇರನು. ಯುವಕನೊಬ್ಬ ರೇಖಾಗಣಿತದಲ್ಲಿ ಪಂಡಿತನಾಗಬಲ್ಲ, ಆದರೆ ವಿವೇಕಿಯಾಗಲಾರ, ಏಕೆಂದರೆ ವಿವೇಕಕ್ಕೆ ಬೇಕಾದದ್ದು ಅನುಭವ, ಅನುಭವಕ್ಕೆ ಬೇಕಾದದ್ದು ಕಾಲ ಎಂಬುದು ಅವನ ನೀತಿಶಾಸ್ತ್ರದ ವಾದ. ಅನುಭವಿಗಳಾದ ಹಿರಿಯರ ಮಾತಿಗೆ ಪುರಾವೆ ಇಲ್ಲದಿದ್ದರೂ, ಪುರಾವೆಯಿರುವ ಮಾತಿಗೆ ಕೊಡುವಷ್ಟೇ ಗಮನ ಕೊಡಬೇಕೆಂದೂ ಅವನು ಹೇಳುತ್ತಾನೆ. ಅನುಭವವು ಅವರಿಗೆ ಒಂದು ಕಣ್ಣನ್ನು ಕೊಟ್ಟಿರುತ್ತದೆ. ಸಂತ ಥಾಮಸ್ ಅಕ್ವಿನಾಸರು ಇದೇ ಮಾತನ್ನು ಎತ್ತಿಕೊಂಡು, ಕಲಿಯುವ ವಿನಯವನ್ನು ವಿವೇಕವೆಂಬ ಸದ್ಗುಣದ ಒಂದು ಅಂಗವನ್ನಾಗಿಯೇ ಎಣಿಸಿದರು. ವ್ಯಕ್ತಿಯೊಬ್ಬನು ಬಾಳಿನ ಎಲ್ಲ ಸಂಗತಿಗಳನ್ನೂ ತಾನೊಬ್ಬನೇ ಕಂಡು ತಿಳಿಯಲಾರನು. ಆದ್ದರಿಂದ ಇನ್ನೊಬ್ಬರಿಂದ ಕಲಿಯಲು ಮನಸ್ಸಿಲ್ಲದವನು ವಿವೇಕಿಯಾಗಲಾರನು ಎಂಬುದು ಅವರ ತರ್ಕ. ಮಾತುಗಾರನ ಬಳಿ ಪುರಾವೆಗೆ ಕೊರತೆಯಿಲ್ಲ: ಚಿತ್ರವಿದೆ, ಬಾಣದ ಗುರುತುಗಳಿವೆ, ಹಿನ್ನೆಲೆಯ ಸಂಗೀತವೂ ಇದೆ. ಅಜ್ಜನ ಬಳಿ ಇದ್ದದ್ದು “ನಾನೇ ತಾನೇ” ಎಂಬ ಎರಡು ಶಬ್ದ.

ಆ ಎರಡು ಶಬ್ದಗಳೇ ಈ ಪ್ರಶ್ನೆಯ ತಿರುಳೆಂದು ನನಗೆ ತೋರುತ್ತದೆ. ತಿಳಿವಳಿಕೆಗೂ ಬರಿಮಾತಿಗೂ ಇರುವ ಅಂತರವು ಓದು ಬರಹದ ಅಂತರವಲ್ಲ, ವಯಸ್ಸಿನದೂ ಅಲ್ಲ. ತಪ್ಪಾದರೆ ಅದರ ಫಲವನ್ನು ಉಣ್ಣುವವರು ಯಾರು ಎಂಬುದೇ ಆ ಅಂತರ. ಬಾವಿ ತೋಡುವವನ ತಪ್ಪು ಅವನ ತಲೆಯ ಮೇಲೆಯೇ ಕುಸಿಯುತ್ತದೆ, ಅಕ್ಷರಶಃ. ದಶಕಗಳ ಕಾಲ ಅಂಥ ಅಪಾಯದ ಕೆಳಗೆ ದುಡಿದ ಮನಸ್ಸಿಗೆ ಒಂದು ಬಗೆಯ ಮಿತಿಯ ಅರಿವು ತಾನಾಗಿ ಬಂದಿರುತ್ತದೆ. “ನೋಡೋಣ”, “ತೋಡಿದ ಮೇಲೆ ಹೇಳ್ತೀನಿ” ಎಂಬ ಮಾತುಗಳು ಆ ಅಜ್ಜನ ಬಾಯಲ್ಲಿ ಪದೇ ಪದೇ ಬಂದವು. ವೀಡಿಯೋದ ತಜ್ಞನಿಗೆ ತಪ್ಪಿನಿಂದ ನಷ್ಟವಿಲ್ಲ, ಅವಸರದಿಂದ ಲಾಭವಿದೆ. ನಿನ್ನೆ ಹೇಳಿದ್ದು ಸುಳ್ಳಾದರೆ ಇಂದು ಹೊಸದೊಂದನ್ನು ಹೇಳಿದರಾಯಿತು.

ಇಲ್ಲೊಂದು ಆಕ್ಷೇಪವನ್ನು ಓದುಗರು ಎತ್ತದೆ ಬಿಡಲಾರರು, ಅದರಲ್ಲೂ ಮನೆಯ ತಾಯಂದಿರು. ಸಂಸಾರವನ್ನೇ ಕಾಣದ ಗುರುಗಳು ಪ್ರತಿ ಭಾನುವಾರ ಪೀಠದ ಮೇಲೆ ನಿಂತು ಗಂಡ ಹೆಂಡಿರು ಹೇಗೆ ಬಾಳಬೇಕು, ಮಕ್ಕಳನ್ನು ಹೇಗೆ ಬೆಳೆಸಬೇಕು ಎಂದು ಬೋಧಿಸುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ವೈದ್ಯನಿಗೆ ಕ್ಷಯ ತಗುಲಿರಬೇಕಾಗಿಲ್ಲ ಎಂದು ಹೇಳಿ ಸುಲಭವಾಗಿ ಜಾರಿಕೊಳ್ಳಬಹುದು. ಆದರೆ ಆ ಉತ್ತರದಲ್ಲಿ ಅರ್ಧ ಸತ್ಯ ಮಾತ್ರವಿದೆ. ಕ್ಷಯ ತಗುಲದ ವೈದ್ಯನು ನೂರಾರು ಕ್ಷಯರೋಗಿಗಳ ಹಾಸಿಗೆಯ ಬಳಿ ನಿಂತಿರುತ್ತಾನೆ. ತಾನು ಬರೆದ ಮದ್ದು ಯಾರಿಗೆ ಒಗ್ಗಿತು, ಯಾರಿಗೆ ಒಗ್ಗಲಿಲ್ಲ ಎಂಬುದನ್ನು ಮರುವಾರ ಅದೇ ರೋಗಿಯ ಮುಖದಲ್ಲಿ ಕಾಣಬೇಕಾಗುತ್ತದೆ. ಗುರುವಿನ ಬೋಧನೆಗೂ ಇದೇ ಒರೆಗಲ್ಲು. ಪೀಠದಿಂದ ಇಳಿದ ಮೇಲೆ ಅದೇ ಕುಟುಂಬದ ಜಗಳದ ನಡುವೆ, ಆಸ್ಪತ್ರೆಯ ಹೊಸ್ತಿಲಲ್ಲಿ, ಸಾಲ ಕೊಟ್ಟವನು ಬಾಗಿಲು ತಟ್ಟುವ ಮನೆಯಲ್ಲಿ ಅವನು ಕುಳಿತಿರುತ್ತಾನೆಯೇ? ಕುಳಿತಿದ್ದರೆ ಅವನ ಮಾತಿಗೆ ತೂಕ ಉಂಟು. ಇಲ್ಲವಾದರೆ ಜನರು ಕೆಮ್ಮುತ್ತಾ ಗಡಿಯಾರ ನೋಡುವುದು ಸರಿಯಾಗಿಯೇ ಇದೆ. ನಮ್ಮ ಪ್ರಭುವೇ ಬೋಧನೆಗೆ ತೊಡಗುವ ಮುನ್ನ ನಜರೇತಿನಲ್ಲಿ ಬಡಗಿಯ ಕೆಲಸ ಮಾಡಿಕೊಂಡಿದ್ದರೆಂಬುದನ್ನು ಇಲ್ಲಿ ನೆನೆದರೆ ಅನುಚಿತವಾಗದು.

ಅನುಭವವೆಲ್ಲವೂ ಪೂಜ್ಯವೆಂದು ಹೇಳಿಬಿಟ್ಟರೆ ಅದೂ ಇನ್ನೊಂದು ಬಗೆಯ ಬರಿಮಾತಾದೀತು. ತೆಂಗಿನಕಾಯಿಯನ್ನು ಅಂಗೈ ಮೇಲೆ ನಿಲ್ಲಿಸಿ ನೀರಿನ ಸೆಲೆ ತೋರಿಸುವವರಿಗೂ ನಲವತ್ತು ವರ್ಷದ ಅನುಭವವಿರುತ್ತದೆ. ನೀರು ಸಿಕ್ಕ ಕಡೆ ಅವರ ಹೆಸರು ಉಳಿಯುತ್ತದೆ, ಸಿಗದ ಕಡೆ ಯಜಮಾನನ ಹಣೆಬರಹವಾಗುತ್ತದೆ. ತಪ್ಪನ್ನು ಎಣಿಸದ ಅನುಭವವು ಅನುಭವವಲ್ಲ, ಅಭ್ಯಾಸ. ಬಾವಿಗೆ ಇಳಿಯುವ ಮುನ್ನ ಹಗ್ಗದಲ್ಲಿ ಉರಿಯುವ ದೀಪವನ್ನು ಇಳಿಬಿಟ್ಟು, ಅದು ಆರಿದರೆ ಇಳಿಯದಿರುವುದು ಹಿರಿಯರಿಂದ ಬಂದ ಪದ್ಧತಿ. ಉಸಿರಾಡಲು ಗಾಳಿ ಸಾಲದಿರುವುದನ್ನು ದೀಪವು ತಿಳಿಸಬಲ್ಲದು. ಆದರೆ ವಿಷಾನಿಲಗಳೆಲ್ಲವನ್ನೂ ತಿಳಿಸಲಾರದು, ಕೆಲವು ಅನಿಲಗಳು ದೀಪದಿಂದಲೇ ಹೊತ್ತಿಕೊಳ್ಳಲೂ ಬಹುದು. ಅದಕ್ಕೆ ಅನಿಲಮಾಪಕವೇ ಬೇಕು, ಅದು ಬಂದದ್ದು ಪ್ರಯೋಗಶಾಲೆಯಿಂದ. ಅಜ್ಜನ ಅನುಭವದ ಮೇಲಿನ ಗೌರವದಿಂದ ಅವರ ಅಳಿಯನನ್ನು ಮಾಪಕವಿಲ್ಲದೆ ಇಳಿಸಿದರೆ ಅದು ಗೌರವವೂ ಅಲ್ಲ, ವಿವೇಕವೂ ಅಲ್ಲ.

ಓದು ಮತ್ತು ಅನುಭವ ಒಂದೇ ಮನೆಯಲ್ಲಿ ಬಾಳಿರುವುದಕ್ಕೂ ನಮ್ಮ ಊರಿನಲ್ಲಿಯೇ ಸಾಕ್ಷಿಯಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು ವಿಜಯನಗರದ ತಮ್ಮ ಮನೆಯನ್ನು 1990ರ ದಶಕದ ಮಧ್ಯದಲ್ಲಿ ಕಟ್ಟಿದಂದಿನಿಂದ ಮಳೆನೀರನ್ನೇ ನೆಚ್ಚಿ ಬಾಳುತ್ತಾ ಬಂದರು. ಮಳೆನೀರು ಸಂಗ್ರಹದ ಕುರಿತು ಅವರು ಕೊಟ್ಟ ಉಪನ್ಯಾಸಗಳು ಲೆಕ್ಕವಿಲ್ಲದಷ್ಟು. ಆದರೆ ಅವುಗಳ ಹಿಂದೆ ಅವರ ಮನೆಯ ಅಡುಗೆ, ಸ್ನಾನ, ಬಟ್ಟೆ ಒಗೆತ ಎಲ್ಲವೂ ನಿಂತಿದ್ದವು. ಲೆಕ್ಕ ತಪ್ಪಿದ್ದರೆ ಮೊದಲು ಬಾಯಾರುತ್ತಿದ್ದವರು ಅವರ ಮನೆಯವರೇ. 2009ರಲ್ಲಿ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹವನ್ನು ಕಾನೂನಿನಿಂದ ಕಡ್ಡಾಯ ಮಾಡಿದಾಗ, ಹಾಗೆ ಬಾಳಿ ತೋರಿಸಿದವರು ಕಣ್ಣೆದುರಿಗಿದ್ದರು. ಆ ಕಾನೂನು ಮೊದಲಿಗೆ ಹಿಡಿದದ್ದು 2,400 ಚದರಡಿಯ ಹಳೆಯ ನಿವೇಶನಗಳನ್ನು ಮತ್ತು 1,200 ಚದರಡಿಯ ಹೊಸ ಕಟ್ಟಡಗಳನ್ನು. ಜೋಗುಪಾಳ್ಯದ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡಿರುವ ಎಷ್ಟೋ ಪುಟ್ಟ ಮನೆಗಳು ಅದರ ಬಲೆಗೆ ಬೀಳಲಿಲ್ಲ. ಜೈವಿಕ ಮಾಹಿತಿಯಿಂದ ಜಾತಕದವರೆಗೆ ಎಲ್ಲವನ್ನೂ ಹಂಚುವ ನಮ್ಮ ಬೀದಿಯ ಗುಂಪುಗಳಲ್ಲಿ, ಇಂಥ ಪುಟ್ಟ ಮನೆ ಒಂದು ಪೀಪಾಯಿಯಲ್ಲಿ ಎಷ್ಟು ಮಳೆನೀರು ಹಿಡಿಯಬಹುದೆಂದು ತಾನೇ ಅಳೆದು ನೋಡಿ ಬರೆದವರನ್ನು ನಾನಿನ್ನೂ ಕಂಡಿಲ್ಲ.

ಕೊನೆಯದಾಗಿ ಕೇಳುಗರ ಮಾತು, ಅಂದರೆ ನಮ್ಮದು. “ನಾನು ಹೇಳಿದ್ದಲ್ಲ ಫಾದರ್, ಬಂದದ್ದನ್ನು ಕಳುಹಿಸಿದೆ ಅಷ್ಟೇ” ಎಂಬ ಸಮಜಾಯಿಷಿ ಎಲ್ಲರ ಬಾಯಲ್ಲೂ ಇದೆ. ಸುಳ್ಳುಸಾಕ್ಷಿ ಹೇಳಬಾರದೆಂಬ ದೇವರ ಕಟ್ಟಳೆಯು ಮೊದಲು ಹೇಳಿದವನಿಗೆ ಮಾತ್ರ ಅನ್ವಯಿಸುತ್ತದೆ, ದಾಟಿಸಿದವನಿಗೆ ಅಲ್ಲ ಎಂದು ಯಾವ ಧರ್ಮಶಾಸ್ತ್ರಿಯೂ ಹೇಳಿಲ್ಲ. 2018ರ ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಬಗೆದು ಗುಂಪು ಹೊಡೆದು ಕೊಂದಿತು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದ್ದವು. ಅವುಗಳನ್ನು ಕಳುಹಿಸಿದ ಸಾವಿರಾರು ಮಂದಿಯಲ್ಲಿ ಬಹುತೇಕರು ಒಳ್ಳೆಯವರೇ ಇರಬೇಕು. ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳುಹಿಸಿರಬೇಕು. ಅವರಲ್ಲಿ ಯಾರೂ ಆ ಮಗುವನ್ನು, ಆ ಕಳ್ಳನನ್ನು ಕಂಡಿರಲಿಲ್ಲ. ಅದೇ ಜುಲೈ ತಿಂಗಳಲ್ಲಿ ವಾಟ್ಸ್ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ತಡೆಯನ್ನು ಹಾಕಿತು. ಯಂತ್ರಕ್ಕೆ ಹಾಕಬಹುದಾದ ತಡೆ ಅಷ್ಟೇ. ನೀನು ಇದನ್ನು ಕಂಡಿದ್ದೀಯಾ, ಇದನ್ನು ಹೇಳಿದವನು ಎಲ್ಲಿ ನಿಂತು ಹೇಳುತ್ತಿದ್ದಾನೆ, ಇದು ಸುಳ್ಳಾದರೆ ಅನುಭವಿಸುವವರು ಯಾರು ಎಂದು ಯಂತ್ರ ಕೇಳಲಾರದು.

ಜೋಗುಪಾಳ್ಯದ ಆ ಬಾವಿಗೆ ಎರಡು ಮಳೆಗಾಲಗಳ ನೀರು ಇಂಗಿದೆ. ಯಜಮಾನರು ಮುಂಗಾರಿಗೆ ಮುಂಚೆ ಮಾಳಿಗೆ ಗುಡಿಸುತ್ತಾರೆ, ಸೋಸುವ ತೊಟ್ಟಿಯ ಮರಳನ್ನು ತೆಗೆದು ತೊಳೆಯುತ್ತಾರೆ, ಮಳೆ ನಿಂತ ಮರುದಿನ ಬೆಳಿಗ್ಗೆ ಕೋಲು ಇಳಿಬಿಟ್ಟು ನೀರು ಎಷ್ಟು ಇಳಿದಿದೆ ಎಂದು ನೋಡಿ ಹಳೆಯ ಡೈರಿಯೊಂದರಲ್ಲಿ ಗುರುತು ಹಾಕುತ್ತಾರೆ. ಇದನ್ನೆಲ್ಲ ಸೇರಿಸಿ ಒಂದು ವೀಡಿಯೋ ಮಾಡಿ ಹಾಕೋಣವೆಂದು ಮಗ ದುಂಬಾಲು ಬಿದ್ದಿದ್ದಾನಂತೆ. “ಇನ್ನೊಂದು ಬೇಸಿಗೆ ಕಳೀಲಿ, ಆಮೇಲೆ ನೋಡೋಣ” ಎಂದಿದ್ದಾರೆ ತಂದೆ.